ಆರಭಿ ಚೆನ್ನಾಗಿ ಮಾಡಿದೀಯ ಕಣಯ್ಯ

ಮೂರು ವರ್ಷದ ಹಿಂದೆ ನಮ್ಮ ಅಪಾರ್ಟ್‌ಮೆಂಟಲ್ಲಿ ರಾಜ್ಯೋತ್ಸವಕ್ಕೆ ಅಂತ ಒಂದು ಹಾಡು ಬೇಕಿತ್ತು. ಫ್ರೆಂಡ್ ಒಬ್ಬ ಪದ್ಯ ಬರೆದಿದ್ದ, ನೀನು ಸಂಗೀತ ಕಲ್ತಿದೀಯಲ್ಲ ಒಂದು ಟ್ಯೂನ್ ಹಾಕು ಅಂತ ಗಂಟು ಬಿದ್ದ. ಕಲ್ತಿದೀನಿ ಅನ್ನೋದು ಸ್ವಲ್ಪ ದೊಡ್ಡ ಮಾತಾಯ್ತು. ತಿಪಟೂರಲ್ಲಿ ಹೈಸ್ಕೂಲ್ ಮುಗಿಯೋ ತನಕ ಆರು ವರ್ಷ ಮೇಷ್ಟ್ರ ಮನೆ ಜಗಲಿ ಮೇಲೆ ಕೂತು ಸರಳೆ, ಜಂಟಿ, ಅಲಂಕಾರ ಅಂತ ಶುರುವಿನ ಸ್ವರಾಭ್ಯಾಸ, ಪಿಳ್ಳಾರಿ ಗೀತೆ, ಒಂದೆರಡು ವರ್ಣ, ಒಂದಿಪ್ಪತ್ತು ಕೃತಿ. ಅಷ್ಟೇ. ಆಮೇಲೆ ಇಂಜಿನಿಯರಿಂಗು, ಬೆಂಗಳೂರು, ಟ್ರಾಫಿಕ್ಕು. ಆದ್ರೂ ಇಲ್ಲ ಅನ್ನೋಕೆ ಅಹಂಕಾರ ಬಿಡ್ಲಿಲ್ಲ, ಹೂಂ ಅಂದೆ.

ಪದ್ಯ ನಿಧಾನದ್ದು, ಸ್ವಲ್ಪ ಅಳು ಬರಿಸೋ, ಕರುಳಿಗೆ ತಾಗೋ ಥರದ್ದು, ದೇವಗಾಂಧಾರಿ ರಾಗ ಸರಿಹೋಗುತ್ತೆ ಅನ್ನಿಸ್ತು. ಒಂದು ಹಾಳೆ ಮೇಲೆ ಆರೋಹಣ ಅವರೋಹಣ, ಅಂದ್ರೆ ಹತ್ತೋ ಇಳಿಯೋ ಸ್ವರಗಳ ಸಾಲು, ಬರ್ಕೊಂಡೆ. ಸರಿಮಪದಸ, ಸನಿದಪಮಗರಿಸ. 29ನೇ ಮೇಳ (ಏಳೂ ಸ್ವರ ಇರೋ ತಾಯಿ ರಾಗ) ಶಂಕರಾಭರಣದ ಜನ್ಯ, ಅಂದ್ರೆ ಅದ್ರಿಂದ ಹುಟ್ಟಿದ್ದು. ಹಾಳೆ ಎದುರಿಗೆ ಇಟ್ಕೊಂಡು, ಮೊಬೈಲಲ್ಲಿ ಕೀಬೋರ್ಡ್ ಆಪ್ ಹಾಕ್ಕೊಂಡು, ಹತ್ತುವಾಗ ಗಾಂಧಾರ ಬರದ ಹಾಗೆ, ನಿಷಾದ ಬರದ ಹಾಗೆ, ಹೊರಗಿನ ಒಂದೇ ಒಂದು ಸ್ವರ ತಾಗದ ಹಾಗೆ ಎರಡು ವೀಕೆಂಡ್ ಕೂತು ಟ್ಯೂನ್ ಮಾಡ್ದೆ. ರೆಕಾರ್ಡ್ ಮಾಡಿ ಮೇಷ್ಟ್ರಿಗೆ ವಾಟ್ಸಾಪ್ ಮಾಡ್ದೆ. ಎರಡು ದಿನ ಬರೀ ನೀಲಿ ಟಿಕ್ಕು. ಮೂರನೇ ದಿನ ಬೆಳಗ್ಗೆ ಆರೂವರೆಗೆ ಫೋನು.

"ಕೇಳ್ದೆ ಕಣಯ್ಯ. ಆರಭಿ ಚೆನ್ನಾಗಿ ಮಾಡಿದೀಯ."

ನಾನು ಮೇಷ್ಟ್ರೇ ಅದು ದೇವಗಾಂಧಾರಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ "ಹೌದಾ, ಆಗ್ಲಿ, ಮಕ್ಕಳೆಲ್ಲ ಹುಷಾರಾ" ಅಂದ್ರು.

ಸಂಗೀತ ಗೊತ್ತಿಲ್ದೇ ಇರೋರಿಗೆ ಇದು ಯಾಕೆ ಇಷ್ಟು ಅವಮಾನ ಅಂತ ಹೇಳ್ಬೇಕು. ಆರಭಿ ಮತ್ತೆ ದೇವಗಾಂಧಾರಿ ಎರಡಕ್ಕೂ ಹಾಳೆ ಮೇಲೆ ಇರೋ ಆರೋಹಣ ಅವರೋಹಣ ಒಂದೇ. ಅಕ್ಷರಕ್ಕೆ ಅಕ್ಷರ ಒಂದೇ. ಆದ್ರೆ ಎರಡನ್ನೂ ನಾಲ್ಕು ಸಲ ಕೇಳಿರೋ ಯಾರಿಗೇ ಆಗ್ಲಿ ಕನ್ಫ್ಯೂಸ್ ಆಗಲ್ಲ. ಆರಭಿ ಚುರುಕು, ಘನರಾಗ, ಗಾಂಧಾರ ಬರುವಾಗ ಮಧ್ಯಮದ ಸೆರಗು ಹಿಡ್ಕೊಂಡೇ ಬರುತ್ತೆ, ನಿಷಾದ ಷಡ್ಜಕ್ಕೆ ಅಂಟಿಕೊಂಡೇ ಇರುತ್ತೆ, ಎರಡರ ಮೇಲೂ ನಿಲ್ಲಂಗಿಲ್ಲ, ಮುಟ್ಟಿ ಓಡಬೇಕು. ದೇವಗಾಂಧಾರಿ ಹಾಗಲ್ಲ, ಅದು ರಿಷಭದ ಮೇಲೆ ಕೂತು ತೂಗುತ್ತೆ, ಗಾಂಧಾರಾನ ಎಳೆದು ಅಲ್ಲಾಡಿಸಿ ಬಿಡುತ್ತೆ, ನೆಟ್ಟಗೆ ಹೋಗೋ ದಾರೀಲಿ ಹೋಗದೆ ಸುತ್ತಿ ಬರುತ್ತೆ. ಇದ್ಯಾವುದೂ ನನ್ನ ಹಾಳೆ ಮೇಲೆ ಇರ್ಲಿಲ್ಲ. ಹಿಂದೂಸ್ತಾನಿಯವರ ಹತ್ರ ಹೋದ್ರೂ ಇದೇ ಕಥೆ. ಮಾರ್ವಾ, ಪೂರಿಯಾ, ಸೋಹನಿ ಮೂರು ರಾಗಕ್ಕೂ ಇರೋದು ಅವೇ ಆರು ಸ್ವರ. ಒಂದು ರಿಷಭ ಧೈವತದ ಮೇಲೆ ಬದುಕುತ್ತೆ, ಒಂದು ಕೆಳಗೆ ಮಂದ್ರದಲ್ಲಿ ಗಾಂಧಾರ ನಿಷಾದ ಹಿಡ್ಕೊಂಡು ಓಡಾಡುತ್ತೆ, ಇನ್ನೊಂದು ಮೇಲೆ ತಾರ ಷಡ್ಜ ಬಿಟ್ಟು ಇಳಿಯೋಕೇ ಮನಸ್ಸು ಮಾಡಲ್ಲ.

ನಾನು ರೂಲ್ಸ್ ಒಂದೂ ಮುರಿದಿರ್ಲಿಲ್ಲ ಸ್ವಾಮಿ. ಬರೆದಿಟ್ಟಿದ್ದು ಎಲ್ಲಾನೂ ಪಾಲಿಸಿದ್ದೆ. ಮುರಿದಿದ್ದೆಲ್ಲ ಬರೆಯದೇ ಇದ್ದಿದ್ದನ್ನ.

ಇದನ್ನ ಈಗ ಯಾಕೆ ನೆನೆಸ್ಕೊಂಡೆ ಅಂದ್ರೆ ಅಕ್ಕನ ಮಗ. ಹದಿನೇಳು ವರ್ಷ, ಸೆಕೆಂಡ್ ಪಿಯುಸಿ, ಲ್ಯಾಪ್‌ಟಾಪಲ್ಲಿ ಬೀಟ್ಸ್ ಮಾಡ್ತಾನೆ. ದೀಪಾವಳಿಗೆ ಬಂದವನು ಹೆಡ್‌ಫೋನ್ ಕಿವಿಗೆ ಸಿಕ್ಕಿಸಿ ಕೇಳು ಮಾಮ ಅಂದ. ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ನಾನು ಹಿರಿಯ ಅನ್ನೋ ಜಂಬಕ್ಕೆ ಸ್ವಲ್ಪ ಸ್ವರಜ್ಞಾನ ಅಂತ ಕಲ್ತ್ಕೊಂಡ್ರೆ ಇನ್ನೂ ಚೆನ್ನಾಗಿ ಮಾಡ್ಬಹುದಲ್ವೇನೋ ಅಂದಿದ್ದಕ್ಕೆ "ಮ್ಯೂಸಿಕ್‌ಗೆ ರೂಲ್ಸ್ ಇಲ್ಲ ಮಾಮ, ನೀವೆಲ್ಲ ಸುಮ್ನೆ ರೂಲ್ಸ್ ರೂಲ್ಸ್ ಅಂತ ಸಾಯ್ತೀರ" ಅಂದ. ಅಕ್ಕ ಅಡುಗೆಮನೆಯಿಂದಾನೇ ಬೈದ್ಲು, ಮಾಮನಿಗೆ ಹಂಗಂತಾರೇನೋ ಅಂತ.

ನನಗೆ ಬೇಜಾರಾಗ್ಲಿಲ್ಲ, ಆದ್ರೆ ಅವನ ಸ್ಕ್ರೀನ್ ನೋಡಿದೆ. ಮೇಲ್ಗಡೆ 120 ಅಂತಿದೆ, ನಿಮಿಷಕ್ಕೆ 120 ಬೀಟು, ಪಕ್ಕದಲ್ಲಿ 4/4. ಯಾರಪ್ಪಾ ಸೆಟ್ ಮಾಡಿದ್ದು ಅಂದ್ರೆ ಅದು ಓಪನ್ ಮಾಡಿದ ತಕ್ಷಣ ಹಂಗೇ ಬರುತ್ತೆ ಅಂದ. ಕೆಳಗೆ ಸ್ಕೇಲ್ ಲಾಕ್ ಅಂತ ಒಂದು ಬಟನ್ನು, ಅದು ಆನ್ ಇದ್ರೆ ಕೀಬೋರ್ಡಲ್ಲಿ ಎಲ್ಲಿ ಒತ್ತಿದ್ರೂ ತಪ್ಪು ಸ್ವರಾನೇ ಬರಲ್ಲ, ಬೆಕ್ಕು ನಡೆದ್ರೂ ಸರಿಯಾಗೇ ಬರುತ್ತೆ. ಇನ್ನೊಂದು ಕ್ವಾಂಟೈಜ಼್, ನೀನು ಬೀಟು ಸ್ವಲ್ಪ ಮುಂಚೆ ಬಾರಿಸಿದ್ರೂ ತಡವಾಗಿ ಬಾರಿಸಿದ್ರೂ ಕಿವಿ ಹಿಂಡಿ ತಂದು ಗೆರೆ ಮೇಲೆ ನಿಲ್ಸುತ್ತೆ. ನಮ್ಮ ಮೇಷ್ಟ್ರು ಕೂಡ ಇಷ್ಟು ಸ್ಟ್ರಿಕ್ಟ್ ಇರ್ಲಿಲ್ಲ! ಆದಿತಾಳ ಹಾಕುವಾಗ ತೊಡೆ ಮೇಲಿನ ಪೆಟ್ಟು ಒಂಚೂರು ಜಾರಿದ್ರೆ ಹುಬ್ಬು ಮಾತ್ರ ಎತ್ತೋರು. ಹುಡುಗ ರೂಲ್ಸೇ ಇಲ್ಲ ಅಂತಾನೆ, ಯಾಕಂದ್ರೆ ರೂಲ್ಸು ಅವನ ಕಣ್ಣಿಗೆ ಬಿದ್ದಿಲ್ಲ, ಮನೆ ಗೋಡೆ ಥರ ಮುಂಚೇನೇ ಎದ್ದು ನಿಂತಿದೆ.

ಆ ಗೋಡೇಲಿ ಒಂದು ನನಗೆ ತುಂಬ ಕಾಡೋದು. ಕೀಬೋರ್ಡಿನ ಹನ್ನೆರಡು ಸ್ವರ ಸರಿಸಮ ಪಾಲು ಮಾಡಿದ್ದು, ಒಂದೊಂದು 100 ಸೆಂಟ್ಸು (ಸ್ವರದಿಂದ ಸ್ವರಕ್ಕೆ ದೂರ ಅಳೆಯೋ ಮಾಪ), ಷಡ್ಜದಿಂದ ಅಂತರ ಗಾಂಧಾರಕ್ಕೆ 400. ಈಗ ಒಂದು ತಂಬೂರಿ ಶ್ರುತಿ ಮಾಡ್ಕೊಂಡು, ಫ್ಯಾನ್ ಆಫ್ ಮಾಡಿ, ಬಾಗ್ಲು ಹಾಕ್ಕೊಂಡು ಮೀಟ್ತಾ ಕೂತ್ಕೊಳ್ಳಿ. ಮೀಟ್ತಿರೋದು ಪಂಚಮ ಷಡ್ಜ ಅಷ್ಟೇ, ಆದ್ರೆ ಸ್ವಲ್ಪ ಹೊತ್ತಿಗೆ ಮಂದ್ರ ತಂತಿಯೊಳಗಿಂದ ಯಾರೂ ಮೀಟದ ಗಾಂಧಾರ ಕೇಳ್ಸೋಕೆ ಶುರುವಾಗುತ್ತೆ. ಸ್ವಯಂಭೂ ಗಾಂಧಾರ ಅಂತಾರೆ ಅದನ್ನ, ಆ ತಂತಿಯ ಐದನೇ ಹಾರ್ಮೋನಿಕ್, ಅಂದ್ರೆ ಮೂಲ ದನಿಯ ಐದು ಪಟ್ಟು ವೇಗದಲ್ಲಿ ಒಳಗೇ ಕಂಪಿಸೋ ದನಿ. ಅದು ಇರೋದು 386ರ ಹತ್ರ. 14 ಸೆಂಟ್ಸು ಕೆಳಗೆ. ಮೊದಲನೇ ಸಲ ನನಗದು ಕೇಳ್ಸಿದಾಗ ಎಂಟನೇ ಕ್ಲಾಸು, ಮೇಷ್ಟ್ರೇ ಯಾರೋ ಒಳಗೆ ಹಾಡ್ತಿದಾರೆ ಅಂದಿದ್ದೆ, ಅವತ್ತು ಪಾಠ ಅಲ್ಲಿಗೇ ನಿಲ್ಲಿಸಿ ಮನೆಯವರನ್ನ ಕರೆದು ಎರಡು ಕೋಡುಬಳೆ ತರ್ಸಿದ್ರು. ಅದೇ ನನ್ನ ಡಿಗ್ರಿ ಅಂತ ಇಟ್ಕೊಳ್ಳಿ.

ಹಾಗಾದ್ರೆ ರೂಲ್ಸೇ ಇಲ್ದಿರೋ ಸಂಗೀತ ಎಲ್ಲಿದೆ ಅಂತ ಯೋಚ್ನೆ ಮಾಡಿದ್ರೆ ನನಗೆ ಮೊದ್ಲು ನೆನಪಾಗೋದು ಅಜ್ಜಿ. ಅಮ್ಮನ ಅಮ್ಮ. ಚಿಕ್ಕನಾಯಕನಹಳ್ಳಿ ಹತ್ರದ ಹಳ್ಳಿ, ಓದು ಬರಹ ಇಲ್ಲ, ಹೆಬ್ಬೆಟ್ಟು. ಬೇಸಿಗೆ ರಜಕ್ಕೆ ಹೋದಾಗ ಬೆಳಗಿನ ಜಾವ ರಾಗಿಕಲ್ಲಿನ ಸದ್ದಿಗೆ ಎಚ್ಚರ ಆಗೋದು, ಜೊತೆಗೆ ಅಜ್ಜಿ ಮತ್ತೆ ಅತ್ತೆ ಹಾಡೋ ಬೀಸೋ ಪದ. ಊರಲ್ಲಿ ಮಿಲ್ಲು ಬಂದಿತ್ತು, ಆದ್ರೂ ಅಜ್ಜಿಗೆ ಮಿಲ್ಲಿನ ಹಿಟ್ಟು ಬಿಸಿ ಆಗುತ್ತೆ, ಮುದ್ದೆ ರುಚಿ ಇರಲ್ಲ ಅಂತ ಹಟ. ಇಬ್ರೂ ಎದುರುಬದುರು ಕೂತು ಗೂಟ ಹಿಡ್ಕೊಂಡು ತಿರುಗ್ಸೋರು, ಒಬ್ರು ಹಿಡಿ ರಾಗಿ ಕಲ್ಲಿನ ಬಾಯಿಗೆ ಹಾಕುವಾಗ ಇನ್ನೊಬ್ರು ಸಾಲು ಎತ್ಕೊಳ್ಳೋರು. ನಾನು ಆಗ ಸಂಗೀತ ಕಲಿಯೋ ಹುಡುಗ ಬೇರೆ, ನಮ್ಮದು ಶಾಸ್ತ್ರೀಯ, ಇವರದ್ದು ಸುಮ್ನೆ ಹಂಗೇ ಬಾಯಿಗೆ ಬಂದಂಗೆ ಹಾಡೋದು ಅಂತ ತಿಳ್ಕೊಂಡಿದ್ದೆ. ಒಂದಿನ ನಾನೂ ಹಾಡ್ತೀನಿ ಅಂತ ಕೂತೆ. ಸಾಲಿನ ಕೊನೇಲಿ ಒಂದು ಗಮಕ ಹಾಕಿ, ಅಂದ್ರೆ ಸ್ವರ ಅಲ್ಲಾಡಿಸಿ, ಎಳೆದೆ, ಶೋಕಿಗೆ.

"ಹಂಗಲ್ಲ ಕಣ್ ಮಗ, ಅಲ್ಲಿ ಎಳೀಬಾರ್ದು."

ಯಾಕಜ್ಜಿ ಅಂದೆ. ಎಳೀಬಾರ್ದು ಅಂದ್ರೆ ಎಳೀಬಾರ್ದು. ಇನ್ನೊಂದ್ಸಲ ಹಾಡ್ದೆ, ಇನ್ನೊಂದು ಕಡೆ ಎಳೆದೆ, ಅಲ್ಲೂ ಅಲ್ವಂತೆ. ಎರಡನೇ ಸಾಲಿನ ಅರ್ಧಕ್ಕೆ ಬಂದು ತಿರುಗಿ ಹಾಡ್ಬೇಕಂತೆ, ನಾನು ನೇರ ಮೂರನೇ ಸಾಲಿಗೆ ಹೋದೆ, ಅತ್ತೆ ನಕ್ಕು ಗೂಟ ಬಿಟ್ರು. ಹತ್ತು ನಿಮಿಷದಲ್ಲಿ ಏಳು ತಪ್ಪು ಹಿಡಿದ್ರು ಅಜ್ಜಿ. ನಮ್ಮ ಮೇಷ್ಟ್ರು ಒಂದು ವಾರಕ್ಕೆ ಅಷ್ಟು ಹಿಡೀತಿರ್ಲಿಲ್ಲ.

ಎಷ್ಟೋ ವರ್ಷ ಆದ್ಮೇಲೆ ಬೆಂಗಳೂರಲ್ಲಿ ಹಳೇ ಪುಸ್ತಕದ ಅಂಗಡೀಲಿ ಒಂದು ಛಂದಸ್ಸಿನ ಪುಸ್ತಕ ಸಿಕ್ತು, ತಿರುವಿ ಹಾಕ್ತಿದ್ರೆ ತ್ರಿಪದಿ ಲಕ್ಷಣ. ಮೂರು ಸಾಲು, ಒಟ್ಟು 11 ಗಣ (ಅಕ್ಷರಗಳ ಗುಂಪು), ಅದ್ರಲ್ಲಿ 6ನೇದು ಮತ್ತೆ 10ನೇದು ಬ್ರಹ್ಮಗಣ, ಮಿಕ್ಕಿದ್ದೆಲ್ಲ ವಿಷ್ಣುಗಣ. ಬ್ರಹ್ಮಗಣ ಅಂದ್ರೆ ಗಿಡ್ಡ, ವಿಷ್ಣುವಿಗಿಂತ ಒಂದು ಅಂಶ ಕಮ್ಮಿ. ಅಲ್ಲೇ ನಿಂತು ಅಜ್ಜಿ ಪದ ಒಂದನ್ನ ಬೆರಳು ಮಡಚ್ಕೊಂಡು ಎಣಿಸಿದೆ. ಆರನೇದು ಗಿಡ್ಡ. ಹತ್ತನೇದು ಗಿಡ್ಡ. ಇನ್ನೊಂದು ಪದ ಎಣಿಸಿದೆ, ಅದೂ ಹಂಗೇ. ಅಂಗಡಿಯವನು ತಗೊಳ್ತೀರಾ ಸಾರ್ ಅಂತಿದಾನೆ, ನನಗೆ ಮೈ ಜುಮ್ ಅಂತಿದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕೆತ್ತಿರೋ ತ್ರಿಪದಿ ಇದೆಯಲ್ಲ, ಸುಮಾರು ಕ್ರಿ.ಶ. 700ರದ್ದು, ಅಲ್ಲಿಂದ ನಮ್ಮಜ್ಜಿ ರಾಗಿಕಲ್ಲಿನ ತನಕ ಆ ಗಿಡ್ಡ ಗಣ ಅದೇ ಜಾಗದಲ್ಲಿ ಕೂತಿದೆ, ಅದನ್ನ ಕಾಪಾಡಿದೋರಲ್ಲಿ ಎಷ್ಟೋ ಜನಕ್ಕೆ ಗಣ ಅಂದ್ರೇನು ಅಂತಾನೇ ಗೊತ್ತಿರ್ಲಿಲ್ಲ. ಎಳೀಬಾರ್ದು ಅಂದಿದ್ದು ಬಹುಶಃ ಅಲ್ಲೇ ಇರ್ಬೇಕು. ಕೇಳೋಣ ಅಂದ್ರೆ ಅಜ್ಜಿ ಆಗ್ಲೇ ಇರ್ಲಿಲ್ಲ.

ಅವತ್ತಿಂದ ನನಗೆ ಒಂದು ಅನುಮಾನ ಗಟ್ಟಿ ಆಯ್ತು, ಪುಸ್ತಕದಲ್ಲಿರೋದು ರೂಲ್ಸ್ ಅಲ್ವೇ ಅಲ್ಲ, ಅದು ರೂಲ್ಸಿನ ನೆರಳು. ಹಾಡೋರು ಮುಂಚೆ ಹಾಡಿದ್ರು, ಪಕ್ಕದಲ್ಲಿ ಕೂತೋರು ಆಮೇಲೆ ಬರ್ಕೊಂಡ್ರು, ಅದೂ ಬರೆಯೋಕೆ ಸುಲಭ ಇದ್ದಿದ್ದನ್ನ ಮಾತ್ರ. ಯಾವ ಸ್ವರ ಇದೆ ಯಾವುದು ಇಲ್ಲ ಅಂತ ಬರೆಯೋದು ಸುಲಭ. ಗಾಂಧಾರಾನ ಎಷ್ಟು ತೂಗಬೇಕು ಅಂತ ಹೆಂಗ್ರೀ ಬರೀತೀರ?

ಹಂಗಂತ ಬರೆದೋರು ದಡ್ಡರು ಅಂತಲ್ಲ. ತಂಜಾವೂರಿನ ವೆಂಕಟಮಖಿ, ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ, 17ನೇ ಶತಮಾನದಲ್ಲಿ ಕೂತು ಲೆಕ್ಕ ಹಾಕಿ 72 ಮೇಳದ ಪಟ್ಟಿ ಮಾಡಿದ್ರು. ಅವರ ಕಾಲದಲ್ಲಿ ಬಳಕೇಲಿ ಇದ್ದಿದ್ದು ಅವರೇ ಹೇಳೋ ಪ್ರಕಾರ 19. ಅಂದ್ರೆ 53 ಖಾಲಿ ಸೈಟು ಬಿಡಿಸಿಟ್ಟ ಹಾಗೆ, ಮುಂದೆ ಯಾರಾದ್ರೂ ಮನೆ ಕಟ್ಕೊಳ್ಳಲಿ ಅಂತ. ಇದು ನೋಡಿ, ಇಲ್ಲಿ ರೂಲು ಸಂಗೀತಕ್ಕಿಂತ ಮುಂದೆ ಹೋಗಿ ನಿಂತಿದೆ, ನಾನು ಈಗಷ್ಟೇ ಹೇಳಿದ್ದಕ್ಕೆ ಉಲ್ಟಾ. ಇವತ್ತು ಕಚೇರಿಗಳಲ್ಲಿ ಕೇಳೋ ಎಷ್ಟೋ ಮೇಳರಾಗಗಳು ಆ ಪಟ್ಟಿ ಇಲ್ಲದಿದ್ರೆ ಹುಟ್ತಿದ್ವೋ ಇಲ್ವೋ. ಆದ್ರೆ ಅದೇ ಪಟ್ಟೀಲಿ ಇವತ್ತು ನಾವು ಹಾಡೋ ಭೈರವಿ ರಾಗ ಎಲ್ಲಿ ಕೂರುತ್ತೆ ಹೇಳಿ? ಅದಕ್ಕೆ ಎರಡು ಧೈವತ, ಹತ್ತುವಾಗ ಒಂದು ಇಳಿಯುವಾಗ ಒಂದು. ಯಾವ ಮನೆಗೂ ಪೂರ್ತಿ ಸೇರಲ್ಲ, ಭಾಷಾಂಗ (ಹೊರಗಿನ ಸ್ವರ ಸೇರಿಸ್ಕೊಂಡ ರಾಗ) ಅಂತ ಹೆಸರಿಟ್ಟು ನಟಭೈರವಿ ಮೇಳದ ಮನೆ ಜಗಲಿ ಮೇಲೆ ಕೂರ್ಸಿದಾರೆ. ಕಚೇರೀಲಿ ಮುಖ್ಯ ರಾಗ ಆಗಿ ಬರೋದು ಮಾತ್ರ ಭೈರವಿಯೇ ಹೆಚ್ಚು, ನಟಭೈರವಿ ಅಪರೂಪ. ತಾಳದ್ದೂ ಹಂಗೇ, ಏಳು ತಾಳ ಐದು ಜಾತಿ 35 ಅಂತ ನಮಗೆ ಮಗ್ಗಿ ಥರ ಬಾಯಿಪಾಠ ಮಾಡ್ಸಿದ್ರು, ಮಿಶ್ರಛಾಪು ಖಂಡಛಾಪು ಅನ್ನೋ ತಾಳಗಳು ಎರಡೂ ಆ ಲೆಕ್ಕದ ಹೊರಗೆ. ಎಷ್ಟು ಕೃತಿ, ಎಷ್ಟು ದೇವರನಾಮ ಆ ಛಾಪುಗಳ ಮೇಲೇ ನಡೀತಿವೆ!

ದೇವರನಾಮ ಅಂದ್ಮೇಲೆ, ಸರಳೆ ಜಂಟಿ ಮಾಡಿಕೊಟ್ಟೋರು ಪುರಂದರದಾಸರು ಅಂತ ಪಾಠ ಶುರು ಮಾಡೋ ಪ್ರತಿ ಮಗೂಗೂ ಹೇಳ್ತಾರೆ. ಮಾಯಾಮಾಳವಗೌಳ ರಾಗದಲ್ಲಿ ಇವತ್ತಿಗೂ ಅದೇ ಅಭ್ಯಾಸ. ಆದ್ರೆ ದಾಸರು ತಮ್ಮ ಪದಗಳನ್ನ ಯಾವ ಧಾಟೀಲಿ ಹಾಡ್ತಿದ್ರು ಅನ್ನೋದು ಬಹುಪಾಲು ಉಳೀಲಿಲ್ಲ, ಈಗ ನಾವು ಕೇಳೋದು ಹೆಚ್ಚಿನವು ಆಮೇಲಿನೋರು ಕೂಡ್ಸಿದ ರಾಗ. ಅಭ್ಯಾಸ ಉಳೀತು, ಹಾಡು ಕಳೆದೋಯ್ತು. ಇದನ್ನ ಯೋಚ್ನೆ ಮಾಡಿದಾಗೆಲ್ಲ ಒಂಥರಾ ಆಗುತ್ತೆ.

ಇನ್ನು ಕೆಲವು ರೂಲ್ಸು ಇವೆ, ಅವು ಸಂಗೀತದ್ದೇ ಅಲ್ಲ, ಭಯದ್ದು. 72ರಲ್ಲಿ 40 ವಿವಾದಿ ಮೇಳ, ಅಂದ್ರೆ ಪಕ್ಕಪಕ್ಕದ ಸ್ವರ ಒಂದಕ್ಕೊಂದು ಜಗಳ ಆಡೋ ಮೇಳ, ಅವನ್ನ ಹಾಡಿದ್ರೆ ದೋಷ ಅಂತ ನಂಬಿದೋರು ಇದ್ರು. ವರಾಳಿ ರಾಗದ ಬಗ್ಗೆ ಇನ್ನೂ ಒಂದು, ಗುರು ನೇರವಾಗಿ ಶಿಷ್ಯನಿಗೆ ಹೇಳ್ಕೊಟ್ರೆ ಇಬ್ರಿಗೂ ಆಗಿಬರಲ್ಲ ಅಂತ. ನಮ್ಮ ಮೇಷ್ಟ್ರು ಇದನ್ನ ನಂಬಲ್ಲ ಅಂತಾನೇ ಹೇಳೋರು, ಆದ್ರೂ ಯಾಕೆ ಬೇಕು ರಿಸ್ಕು ಅಂತ ಕ್ಯಾಸೆಟ್ ಹಾಕಿ ಕೇಳ್ಕೋ ಅಂದು ಒಳಗೆ ಹೋಗೋರು. ನಾನು ಕೇಳ್ಕೊಂಡು ಹಾಡ್ತಿದ್ರೆ ಅಡುಗೆಮನೆಯಿಂದ "ಗಾಂಧಾರ ಇನ್ನೂ ಕೆಳಗೆ! ಇನ್ನೂ!" ಅಂತ ಕೂಗೋರು. ಅದು ನೇರ ಹೇಳ್ಕೊಟ್ಟ ಲೆಕ್ಕಕ್ಕೆ ಬರಲ್ವಂತೆ, ಮಧ್ಯ ಗೋಡೆ ಇದೆಯಲ್ಲ.

ಮತ್ತೆ ಸರ್ಕಾರದ ರೂಲ್ಸು. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂಗೆ ಬಾಗ್ಲು ಹಾಕ್ತು, ಮನೆಗಳಲ್ಲಿ ನಾಟಕದ ಕಂಪನಿಗಳಲ್ಲಿ ಅಷ್ಟು ಬಳಕೇಲಿದ್ದ ಪೆಟ್ಟಿಗೆ ಅದು, 1971ರ ತನಕ ರೇಡಿಯೋದಲ್ಲಿ ಅದಕ್ಕೆ ಜಾಗ ಇರ್ಲಿಲ್ಲ. ಕೊಟ್ಟ ಕಾರಣ ಪೂರ್ತಿ ಸುಳ್ಳೂ ಅಲ್ಲ, ಒಂದೊಂದು ಸ್ವರಕ್ಕೂ ಬೇರೆ ಬೇರೆ ರೀಡು ಇರೋದ್ರಿಂದ ಅದ್ರಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು) ಗಮಕ ಬರಲ್ಲ, ಜೊತೆಗೆ ನಾನು ಮೇಲೆ ಹೇಳಿದ 14 ಸೆಂಟ್ಸಿನ ಜಗಳಾನೂ ಇದೆ. ಆದ್ರೆ ಧಾರವಾಡದ ಕಡೆ ಪೇಟಿ, ಅಂದ್ರೆ ಇದೇ ಹಾರ್ಮೋನಿಯಂ, ಇಲ್ದೆ ಬೈಠಕ್ ಇಲ್ಲ, ಅಲ್ಲಿ ಕಿರಾಣಾ, ಜೈಪುರ ಘರಾಣೆಗಳ (ಗಾಯನ ಪರಂಪರೆ) ಎಷ್ಟೋ ಜನ ಹಾಡಿದ್ದು ಪೇಟಿ ಪಕ್ಕದಲ್ಲೇ, ಅವರ ಮೀಂಡು ಏನೂ ಸತ್ತಿಲ್ಲ. ನುಡಿಸೋ ಮನುಷ್ಯನಿಗೆ ಎಲ್ಲಿ ಬೆರಳೆತ್ತಿ ಸುಮ್ನಿರಬೇಕು ಅಂತ ಗೊತ್ತಿದ್ರೆ ಆಯ್ತು. ಆ ರೂಲನ್ನ ಯಾವ ಆಫೀಸೂ ಆರ್ಡರ್ ಮಾಡೋಕಾಗಲ್ಲ. ನಮ್ಮ ನಾಡಗೀತೆ ಗಲಾಟೆ ನೆನಪಿದೆಯಲ್ಲ, ಮೈಸೂರು ಅನಂತಸ್ವಾಮಿ ಧಾಟಿಯೋ ಸಿ. ಅಶ್ವಥ್ ಧಾಟಿಯೋ ಅಂತ ವರ್ಷಗಟ್ಲೆ ಜಗ್ಗಾಡಿ ಕೊನೆಗೆ 2022ರಲ್ಲಿ ಅನಂತಸ್ವಾಮಿ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಆದೇಶ ಆಯ್ತು. ಸಾವಿರ ಸ್ಕೂಲಲ್ಲಿ ಒಟ್ಟಿಗೆ ಹಾಡೋ ಹಾಡಿಗೆ ಇಂಥದ್ದು ಒಂದು ಬೇಕೇ ಬೇಕು, ತಪ್ಪೇನಿಲ್ಲ, ಅದನ್ನ ರೈಲ್ವೆ ಟೈಮ್‌ಟೇಬಲ್ ಥರ ನೋಡ್ಬೇಕು ಅಷ್ಟೆ.

ರೂಲ್ಸ್ ಮುರಿದೋರು ಅಂತ ಹೆಸರು ಮಾಡಿದೋರಲ್ಲಿ ನನಗೆ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಕಥೆ ಬಿಟ್ಟು ಬೇರೆ ಬೇಡ. ಮೂಲ ಹೆಸರು ಶಿವಪುತ್ರ ಕೊಂಕಾಳಿಮಠ, ಬೆಳಗಾವಿ ಹತ್ರದ ಸುಳೇಭಾವಿಯವರು, 1924ರಲ್ಲಿ ಹುಟ್ಟಿದ್ದು. ಹುಡುಗ ಇದ್ದಾಗ ದೊಡ್ಡ ದೊಡ್ಡ ಉಸ್ತಾದರ ಗ್ರಾಮಾಫೋನ್ ಪ್ಲೇಟು ಕೇಳಿ ಹಂಗಂಗೇ ಹಾಡಿ ತೋರಿಸ್ತಿದ್ರಂತೆ, ಉಸಿರು ಕೂಡ ಬಿಡದ ಹಾಗೆ. ಅದು ನಾನು ಹಾಳೆ ನೋಡಿ ದೇವಗಾಂಧಾರಿ ಮಾಡಿದ್ದಕ್ಕಿಂತ ಸಾವಿರ ಪಾಲು ಮೇಲು ಬಿಡಿ, ಆದ್ರೆ ಅದೂ ನಕಲೇ. ಬಾಂಬೇಲಿ ಬಿ.ಆರ್. ದೇವಧರರ ಹತ್ರ ಕಲ್ತ್ರು. ಇನ್ನೂ ಇಪ್ಪತ್ತರ ಹರೆಯದಲ್ಲೇ ಕ್ಷಯ ಬಂತು. ಮಧ್ಯಪ್ರದೇಶದ ದೇವಾಸ್‌ಗೆ ಹೋಗಿ ಹಾಸಿಗೆ ಹಿಡಿದ್ರು, ಹಾಡಕೂಡದು ಅಂತ ಡಾಕ್ಟರು, ವರ್ಷಗಟ್ಲೆ. ಹಾಡೋ ಮನುಷ್ಯ ಬರೀ ಕಿವಿ ಆಗಿ ಮಲಗಿದಾಗ ಕೇಳಿದ್ದು ರಸ್ತೇಲಿ ಹೋಗೋ ಮಾಳವಾದ ಜನ ಹಾಡೋ ಪದಗಳು. ಎದ್ದ ಮೇಲೆ ಆ ಧುನ್‌ಗಳ, ಅಂದ್ರೆ ಜನಪದ ಧಾಟಿಗಳ, ಹೊಟ್ಟೆಯಿಂದ ರಾಗ ತೆಗೆದ್ರು, ಧುನ್ ಉಗಮ ರಾಗ ಅಂತ ಕರೆದ್ರು. ಘರಾಣೆ ಶಿಸ್ತು ಇಲ್ಲ ಅಂತ ಬೈಸ್ಕೊಂಡ್ರು. ಒಂದು ಶ್ವಾಸಕೋಶ ಹಾಳಾಗಿದ್ದಕ್ಕೆ ಚಿಕ್ಕ ಚಿಕ್ಕ ತುಂಡು ಮಾಡಿ ಹಾಡ್ತಿದ್ರು, ಅದೇ ಒಂದು ಶೈಲಿ ಆಯ್ತು. ಅವರ ಯಾವುದೇ ರೆಕಾರ್ಡಿಂಗ್ ಹಾಕಿ ಕೇಳಿ, ಸ್ವಾತಂತ್ರ್ಯ ತಗೊಂಡ ಮನುಷ್ಯನ ಥರ ಇರಲ್ಲ, ಯಾರಿಗೋ ಲೆಕ್ಕ ಒಪ್ಪಿಸ್ತಿರೋನ ಥರ ಇರುತ್ತೆ, ಅಷ್ಟು ಎಚ್ಚರ ಆ ಷಡ್ಜ ಹಚ್ಚೋದ್ರಲ್ಲಿ.

ಹುಡುಗನ ವಿಷಯಕ್ಕೆ ಬರ್ತೀನಿ. ದೀಪಾವಳಿ ಆದ್ಮೇಲೆ ಒಂದು ಭಾನುವಾರ ಸೋದರಮಾವ 1998ರಲ್ಲಿ ಟೇಪ್‌ರೆಕಾರ್ಡರಲ್ಲಿ ಹಿಡಿದಿದ್ದ ಅಜ್ಜಿ ಪದದ ಕ್ಯಾಸೆಟ್ಟು ಡಿಜಿಟಲ್ ಮಾಡ್ಸಿದ ಫೈಲು ಅವನಿಗೆ ಕಳ್ಸಿದೆ. ಏನೂ ಹೇಳ್ಲಿಲ್ಲ, ನಿನ್ನ ಮುತ್ತಜ್ಜಿ ಅಂತ ಮಾತ್ರ. ಸ್ಯಾಂಪಲ್ ಮಾಡ್ಬಹುದಾ ಮಾಮ ಅಂದ, ಮಾಡು ಅಂದೆ. ರಾತ್ರಿ ಹನ್ನೊಂದಕ್ಕೆ ಫೋನು, ಕೂರ್ತಾನೇ ಇಲ್ಲ ಮಾಮ ಅಂತ. ಸಾಫ್ಟ್‌ವೇರಿಗೆ ಹಾಕಿ ಗೆರೆಗೆ ಎಳೆದಿದಾನೆ, ಅಜ್ಜಿ ದನಿ ರೋಬೋ ಥರ ಆಗಿದೆ. ಟೆಂಪೋ ಕಂಡುಹಿಡಿಯೋಕೆ ಬಿಟ್ಟಿದಾನೆ, ಅದು ಒಂದು ಸಾಲಿಗೆ 71 ಅಂತು, ಮುಂದಿನ ಸಾಲಿಗೆ 66 ಅಂತು. ಅಜ್ಜಿ ತಾಳ ತಪ್ತಾರಾ ಅಂತ ಕೇಳ್ದ.

ಇಲ್ವೋ, ಹೆಡ್‌ಫೋನಲ್ಲಿ ಹಿಂದ್ಗಡೆ ಗರ್‌ ಅನ್ನೋದು ಕೇಳು, ಕಲ್ಲು ಅದು, ರಾಗಿ ಹಾಕಿದಾಗ ಭಾರ ಆಗುತ್ತೆ, ಬೀಸ್ತಾ ಬೀಸ್ತಾ ಹಗುರ ಆಗುತ್ತೆ ಅಂದೆ.

ಎರಡು ವಾರ ಸದ್ದಿಲ್ಲ. ಆಮೇಲೆ ಒಂದು ಫೈಲ್ ಬಂತು, 40 ಸೆಕೆಂಡಿಂದು. ಗ್ರಿಡ್ ಆಫ್ ಮಾಡಿದಾನೆ, ಸ್ಕೇಲ್ ಲಾಕೂ ಆಫು, ಅಜ್ಜಿ ದನಿ ಹೆಂಗಿತ್ತೋ ಹಂಗೇ ಬಿಟ್ಟು ಡ್ರಮ್ಮಿನ ಒಂದೊಂದು ಪೆಟ್ಟನ್ನೂ ಮೌಸಲ್ಲಿ ಹಿಡಿದು ಕಲ್ಲಿನ ಸುತ್ತಿಗೆ ತಕ್ಕ ಹಾಗೆ ಸರಿಸಿದಾನೆ. ಮೂರನೇ ಸಾಲಿನ ಮುಂಚೆ ಅಜ್ಜಿ ಉಸಿರು ತಗೊಳ್ಳೋ ಕಡೆ ಡ್ರಮ್ಮೇ ಇಲ್ಲ. ಬೇಸ್ ಮಾತ್ರ ನನಗೆ ಜಾಸ್ತಿ ಅನ್ನಿಸ್ತು, ಅದು ನನ್ನ ವಯಸ್ಸಿರ್ಬಹುದು. ಒಂದು ಕಡೆ ಬೀಟು ಒಂಚೂರು ಎಳೆದ ಹಾಗಿತ್ತು, ಅಲ್ಲಿ ಎಳೀಬಾರ್ದು ಕಣೋ ಅಂತ ಮೆಸೇಜ್ ಹಾಕ್ದೆ. ಯಾಕೆ ಅಂತ ವಾಪಸ್ ಬಂತು. ಏನು ಟೈಪ್ ಮಾಡೋದು ಅಂತ ಯೋಚ್ನೆ ಮಾಡ್ತಿರೋವಾಗ್ಲೇ "ಓಕೆ ಕೇಳ್ಸ್ತು" ಅಂತ ಇನ್ನೊಂದು ಬಂತು.

ಮಿಕ್ಕಿದ್ದು ಪರೀಕ್ಷೆ ಆದ್ಮೇಲಂತೆ. ಅಕ್ಕ ಲ್ಯಾಪ್‌ಟಾಪ್ ತೆಗೆದು ಬೀರುವಲ್ಲಿ ಇಟ್ಟಿದಾಳೆ.